ಕಾಣಿಸದ ಕೋವಿ

ಅನಿಮೇಷನ್ ಚಿತ್ರಗಳಲ್ಲಿ ಮನಸ್ಸು ಕಲಕುವ ದೃಶ್ಯ ಯಾವುದೆಂದರೆ ನಮ್ಮಲ್ಲಿ ಬಹಳ ಜನ 'ದಿ ಲಯನ್ ಕಿಂಗ್' (1994) ಹೆಸರು ಹೇಳುತ್ತಾರೆ. ಕಮರಿಯಲ್ಲಿ ತಂದೆ ಸಿಂಹ ಮುಫಾಸ ಸತ್ತು ಬಿದ್ದಿದ್ದಾನೆ, ಮರಿ ಸಿಂಬಾ ಅವನ ಮುಂಗಾಲಿನಡಿ ನುಸುಳಿ ಮಲಗುತ್ತದೆ. ಚೆನ್ನಾಗಿಲ್ಲ ಅನ್ನಲಾರೆ. ಆದರೆ ಅದಕ್ಕೆ ಸಿಕ್ಕ ಹೊಗಳಿಕೆ ಅತಿಯಾಯಿತು. ಕೊಂದವನಾರೆಂದು ಗೊತ್ತು, ಹೆಣ ಕಣ್ಣೆದುರಿಗಿದೆ, ಎಲ್ಲಿ ಅಳಬೇಕೆಂದು ಸಂಗೀತವೇ ಹೇಳಿಕೊಡುತ್ತದೆ. ನೋಡುವವರಿಗೆ ಮಾಡಲು ಏನೂ ಉಳಿದಿಲ್ಲ. ಅದೇ ಡಿಸ್ನಿ ಸ್ಟುಡಿಯೊ 1942ರಲ್ಲಿ ತೆರೆಗೆ ತಂದ 'ಬ್ಯಾಂಬಿ'ಯ ತಾಯಿ ಜಿಂಕೆಯ ಸಾವು ಇದಕ್ಕಿಂತ ಬಹಳ ಎತ್ತರದ ಕೆಲಸ.

ಚಳಿಗಾಲ ಮುಗಿಯುತ್ತ ಬಂದಿದೆ. ಬಯಲಿನ ಹಿಮದ ನಡುವೆ ಹಸಿರು ಹುಲ್ಲು ಚಿಗುರಿದೆ, ತಾಯಿ ಮರಿ ಮೇಯುತ್ತಿವೆ. ತಾಯಿ ಥಟ್ಟನೆ ತಲೆಯೆತ್ತುತ್ತಾಳೆ. ಇಲ್ಲಿ ಸೂಲಿಬೆಲೆ ಸುತ್ತ ಹೊಲದ ಬದುವಿನಲ್ಲಿ ದನ ಮೇಯಿಸಿದವರು ಈ ತಲೆಯೆತ್ತುವಿಕೆಯನ್ನು ಬಲ್ಲರು: ಅಪರಿಚಿತ ನಾಯಿಯ ಸುಳಿವು ಸಿಕ್ಕ ಹಸು ಮೊದಲು ಬಾಯಾಡಿಸುವುದನ್ನು ನಿಲ್ಲಿಸುತ್ತದೆ, ಕಿವಿ ನಿಮಿರುತ್ತದೆ, ಮೈ ಬಿಗಿಯುತ್ತದೆ, ಕಾಲು ಮಾತ್ರ ಕದಲುವುದಿಲ್ಲ. ಜಿಂಕೆಯ ಮೈಯ ಇಂಥ ಚಲನವಲನವನ್ನು ಪೆನ್ಸಿಲಿನಲ್ಲಿ ಹಿಡಿಯಲು ಸ್ಟುಡಿಯೊದವರು ಜೀವಂತ ಜಿಂಕೆಮರಿಗಳನ್ನು ತಂದಿಟ್ಟುಕೊಂಡು ಚಿತ್ರ ಬರೆದರು.

ಆಮೇಲೆ ಓಟ. ಮರಿ ಮುಂದೆ, ತಾಯಿ ಹಿಂದೆ; ತಿರುಗಿ ನೋಡಬೇಡ, ಓಡು ಎಂದು ಕೂಗುತ್ತಾಳೆ. ಈಡಿನ ಸದ್ದು. ಕ್ಯಾಮೆರಾ ತಾಯಿಯತ್ತ ತಿರುಗುವುದೇ ಇಲ್ಲ, ಮರಿಯ ಜೊತೆಗೇ ಪೊದೆಯವರೆಗೆ ಓಡುತ್ತದೆ. ಗೆದ್ದೆವು ಎಂದುಕೊಂಡು ಮರಿ ಹಿಂತಿರುಗಿದರೆ ಅಲ್ಲಿ ಯಾರೂ ಇಲ್ಲ, ಹಿಮ ಬೀಳುತ್ತಿದೆ. ಹಿನ್ನೆಲೆಗಳ ಶೈಲಿ ರೂಪಿಸಿದ ಚೀನಾ ಮೂಲದ ಕಲಾವಿದ ಟೈರಸ್ ವಾಂಗ್ ಎಲೆ ಕೊಂಬೆಗಳ ವಿವರ ಬಿಟ್ಟು ಕಾಡಿನ ಭಾವವನ್ನು ಮಾತ್ರ ಉಳಿಸಿಕೊಂಡವರು. ಈ ದೃಶ್ಯಕ್ಕೆ ಬರುವ ಹೊತ್ತಿಗೆ ಕಾಡೇ ಅಳಿಸಿಹೋಗಿ ಬೂದು ಬಿಳುಪಿನಲ್ಲಿ ಒಂದು ಚಿಕ್ಕ ಮೈ ಮಾತ್ರ ಅಲೆಯುತ್ತದೆ. ರಕ್ತವಿಲ್ಲ, ಹೆಣವಿಲ್ಲ, ಕೋವಿ ಹಿಡಿದವನಿಲ್ಲ. ಬಾಲ್ಯದಲ್ಲಿ ನೋಡಿದವರು ತಾಯಿ ಬಿದ್ದದ್ದನ್ನು ಕಂಡೆವೆಂದೇ ವಾದಿಸುತ್ತಾರೆ. ಚಿತ್ರ ತೋರಿಸದೇ ಬಿಟ್ಟದ್ದನ್ನು ಅವರ ಮನಸ್ಸೇ ಬರೆದುಕೊಂಡಿದೆ.

ಇದನ್ನು ಬೇಟೆ ವಿರೋಧಿ ಪ್ರಚಾರವೆಂದು ತಳ್ಳಿಹಾಕುವವರ ಜೊತೆ ನನಗೆ ಜಗಳವಿದೆ. ಆ ಆಕ್ಷೇಪ ಹೊಸದಲ್ಲ. ಚಿತ್ರ ಬಂದ ವರ್ಷವೇ ಅಮೆರಿಕದ 'ಔಟ್‌ಡೋರ್ ಲೈಫ್' ಪತ್ರಿಕೆಯ ಸಂಪಾದಕರು ಬೇಟೆಗಾರರಿಗೆ ಅವಮಾನವಾಯಿತೆಂದು ಎದ್ದಿದ್ದರು. ನಮ್ಮಲ್ಲೂ ಅದನ್ನೇ ಬೇರೆ ಮಾತಿನಲ್ಲಿ ಹೇಳುವವರಿದ್ದಾರೆ: ಕಾಡು ಬಲ್ಲವರಿಗೆ ಇದೆಲ್ಲ ಪೇಟೆಯವರ ಕಣ್ಣೀರು ಎಂದು. ಕನ್ನಡದ ಓದುಗರು ಕೆದಂಬಾಡಿ ಜತ್ತಪ್ಪ ರೈಗಳ 'ಬೇಟೆಯ ನೆನಪುಗಳು' ಓದಿದವರು, ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕತೆಗಳಿಗಾಗಿ ರಾತ್ರಿ ನಿದ್ದೆಗೆಟ್ಟವರು. ನಾನೂ ಅವರಲ್ಲೊಬ್ಬ, ಆ ಬರಹಗಳ ಮೇಲಿನ ಪ್ರೀತಿ ಇಂದಿಗೂ ಕಡಿಮೆಯಾಗಿಲ್ಲ. ಆದರೆ ಅಲ್ಲಿ ನಾವು ಕೂತಿರುವುದು ಅಟ್ಟಣೆಯ ಮೇಲೆ, ಬೇಟೆಗಾರನ ಪಕ್ಕದಲ್ಲಿ. ಅವನ ಉಸಿರು ಕೇಳುತ್ತದೆ, ಅವನ ಅಂಜಿಕೆಯೂ ತಿಳಿಯುತ್ತದೆ. 'ಬ್ಯಾಂಬಿ' ನಮ್ಮನ್ನು ಅಟ್ಟಣೆಯಿಂದ ಇಳಿಸಿ ಹುಲ್ಲಿನಲ್ಲಿ ನಿಲ್ಲಿಸುತ್ತದೆ. ಅಲ್ಲಿಂದ ಬೇಟೆಗಾರ ಕಾಣುವುದಿಲ್ಲ, ಸದ್ದಷ್ಟೇ ಬರುತ್ತದೆ. ಪ್ರಚಾರ ಮಾಡಹೊರಟವರು ಒಬ್ಬ ಕ್ರೂರ ಮೀಸೆಯವನನ್ನು ಬರೆಯದೆ ಬಿಡುತ್ತಿದ್ದರೇ?

ಒಂದು ಕೊರತೆ ಹೇಳಲೇಬೇಕು. ತಂದೆ ಜಿಂಕೆಯ ಹಿಂದೆ ಮರಿ ಹಿಮದಲ್ಲಿ ಮರೆಯಾದ ಬೆನ್ನಿಗೇ ಹಕ್ಕಿಗಳ ವಸಂತದ ಹಾಡು ಶುರುವಾಗುತ್ತದೆ. ಸ್ಟುಡಿಯೊಗೆ ಅಲ್ಲಿ ಧೈರ್ಯ ಸಾಲಲಿಲ್ಲ.

ತೋರಿಸದೆಯೇ ಮನಸ್ಸು ಕಲಕುವ ಈ ಪಾಠ ನಮಗೆ ದೂರದ್ದೇನೂ ಆಗಿರಲಿಲ್ಲ. 'ಬ್ಯಾಂಬಿ'ಯಲ್ಲಿ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ ಮುಂಬೈಯ ಫಿಲ್ಮ್ಸ್ ಡಿವಿಷನ್ನಿಗೆ ಬಂದು ನಮ್ಮ ಕಲಾವಿದರಿಗೆ ಕಲಿಸಿದರು. 1957ರಲ್ಲಿ ಅಲ್ಲಿಂದ ಜಾತಕ ಕಥೆಯ 'ದಿ ಬ್ಯಾನಿಯನ್ ಡೀರ್' ಹೊರಬಂತು. ಕನ್ನಡದವರ ಕೈಯಲ್ಲಂತೂ, ಕರುವಿಗೆ ಹಾಲೂಡಿಸಿ ಬರುತ್ತೇನೆಂದು ಹುಲಿಗೆ ಕೊಟ್ಟ ಮಾತು ಉಳಿಸಿಕೊಂಡ ಹಸುವಿನ ಗೋವಿನ ಹಾಡೇ ಇದೆ. ರವಿಶಂಕರ್ ಅದನ್ನು 'ಪುಣ್ಯಕೋಟಿ' (2020) ಎಂಬ ಅನಿಮೇಷನ್ ಚಿತ್ರವಾಗಿಸಿದರು, ಅದೂ ಸಂಸ್ಕೃತದಲ್ಲಿ. ಆ ಸಾಹಸಕ್ಕೆ ನನ್ನ ಗೌರವವಿದೆ. ಕನ್ನಡದ ಕರು ಕನ್ನಡದಲ್ಲೇ ಅಂಬಾ ಎನ್ನಲಿಲ್ಲವಲ್ಲ ಎಂಬ ಕೊರಗೂ ಇದೆ. ಇನ್ನು ಮಕ್ಕಳ ಮೊಬೈಲಿನಲ್ಲಿ ನಾನು ನೋಡಿದ ಗೋವಿನ ಹಾಡುಗಳ ಅಬ್ಬರವೆಲ್ಲ ಹುಲಿಯದೇ: ಕೆಂಪು ಕಣ್ಣು, ಘರ್ಜನೆ, ಕೊನೆಗೆ ಹಾರಿ ಸಾಯುವುದು.

ಹಾಡು ತಾಯಿಯ ಬೆನ್ನಿಗೆ ಹುಲಿಯ ಗವಿಗೆ ಹೋಗುತ್ತದೆ. ಅದು ಹಾಡಿನ ದಾರಿ, ಸರಿಯೇ. ಆದರೆ ಚಿತ್ರ ಬರೆಯುವವರು ಒಮ್ಮೆ ಕೊಟ್ಟಿಗೆಯಲ್ಲೇ ಉಳಿಯಬೇಕು. ತಾಯಿ ಕೊನೆಯ ಸಲ ಹಾಲೂಡಿಸಿ, ಉಳಿದ ಹಸುಗಳಿಗೆ ಮಗನನ್ನು ಒಪ್ಪಿಸಿ ಹೊರಟಿದ್ದಾಳೆ. ಅವಳು ತಿರುಗಿ ಬರುವವರೆಗೆ ಆ ಕರು ಏನು ಮಾಡಿತು, ಬೇರೆ ಹಸುವಿನ ಮೊಲೆಗೆ ಬಾಯಿ ಹಾಕಿತೇ, ಬಾಗಿಲ ಕಡೆಗೇ ಕಿವಿ ಇಟ್ಟುಕೊಂಡು ನಿಂತಿತೇ? ಅದನ್ನು ನಮ್ಮ ಅನಿಮೇಷನ್ನಿನವರು ಬರೆಯಲಿ.