ಪ್ರೇಮಾ ಕಾರಂತರ ‘ಫಣಿಯಮ್ಮ’

ಕನ್ನಡದ ಮೊದಲ ಮಹಿಳಾ ಚಿತ್ರನಿರ್ದೇಶಕಿ ಎಂಬ ಹೆಗ್ಗಳಿಕೆ ಪ್ರೇಮಾ ಕಾರಂತರದು. ಬಿರುದನ್ನು ಹೇಳಿ ಮುಗಿಸಿಬಿಡುವುದು ನಮ್ಮವರ ರೂಢಿ. ಚಿತ್ರವನ್ನು ನೋಡಿದವರು ಕಡಿಮೆ. ನಮ್ಮ ಬೆಳುಗುಪ್ಪದ ಕಡೆ ತೆಲುಗು ಚಿತ್ರಗಳದೇ ಬಳಕೆಯಾದುದರಿಂದ, ಭಾನುಮತಿಯವರು 1953ರಲ್ಲಿಯೇ ‘ಚಂಡೀರಾಣಿ’ಯನ್ನು ನಿರ್ದೇಶಿಸಿದ ಸಂಗತಿ ಹಿರಿಯರಿಗೆ ತಿಳಿದದ್ದೇ. ಕನ್ನಡಕ್ಕೆ ಆ ಭಾಗ್ಯ ಒದಗಲು ಸುಮಾರು ಮೂವತ್ತು ವರ್ಷ ಹಿಡಿಯಿತು. ತಡವಾಗಿ ಬಂದರೂ ಬಂದದ್ದು ಸಾಮಾನ್ಯ ಕೃತಿಯಲ್ಲ. ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದದ್ದು.

ಎಂ.ಕೆ. ಇಂದಿರಾ ಅವರ 1976ರ ಕಾದಂಬರಿಯೇ ಇದಕ್ಕೆ ಆಧಾರ. ಎಳವೆಯಲ್ಲೇ ಮದುವೆ, ಒಡನೆಯೇ ವೈಧವ್ಯ, ಮೈನೆರೆದ ಮೇಲೆ ಕೇಶಮುಂಡನ. ಮುಂದೆ ಬದುಕೆಲ್ಲ ಮಡಿ, ಅಡಿಗೆಮನೆ, ಪರರ ಬಾಣಂತನ. ಇಂಥ ಕಥೆಯಿಂದ ಪ್ರೇಕ್ಷಕರನ್ನು ಅಳಿಸುವುದು ಸುಲಭ. ಪ್ರೇಮಾ ಆ ಸುಲಭದ ದಾರಿಯನ್ನು ಹಿಡಿಯಲಿಲ್ಲ. ಅವರ ಫಣಿಯಮ್ಮ ದುಡಿಯುತ್ತಾಳೆ, ನೋಡುತ್ತಾಳೆ, ಒಳಗೊಳಗೇ ತೂಗಿ ನೋಡುತ್ತಾಳೆ. ಅಸ್ಪೃಶ್ಯರೆನಿಸಿದವರ ಮನೆಯ ಹೆರಿಗೆಗೆ ಆಕೆಯ ಕೈ ನೆರವಾಗುತ್ತದೆ. ಎಳೆಯ ವಿಧವೆ ದಾಕ್ಷಾಯಣಿ ತಲೆ ಬೋಳಿಸಿಕೊಳ್ಳಲು ಒಪ್ಪದಿದ್ದಾಗ, ಊರು ಹೌಹಾರಿದರೂ, ಈ ಮಡಿ ಮುದುಕಿ ಆಕೆಯ ಪರ ನಿಲ್ಲುತ್ತಾಳೆ. ತಾನು ಮಡಿಯನ್ನು ಬಿಡದೆಯೇ ಮಡಿಯ ಟೊಳ್ಳನ್ನು ಕಂಡವಳು.

ನಮಗೆ ಅತಿ ಮುಖ್ಯವೆನಿಸುವ ಸಂಗತಿಯೊಂದಿದೆ. ಫಣಿಯಮ್ಮನ ಪಾತ್ರ ವಹಿಸಿದವರು ಎಲ್.ವಿ. ಶಾರದಾ. ಪ್ರೇಮಾ ಅವರ ಪತಿ ಬಿ.ವಿ. ಕಾರಂತರು ಗಿರೀಶ ಕಾರ್ನಾಡರೊಡನೆ ನಿರ್ದೇಶಿಸಿದ ‘ವಂಶವೃಕ್ಷ’ದಲ್ಲಿ ಮರುಮದುವೆಯಾಗಿ ನವೆಯುವ ವಿಧವೆ ಕಾತ್ಯಾಯನಿಯೂ ಅವರೇ. ಅಲ್ಲಿ ವಿಧವೆಯ ಬಾಳು ಶ್ರೋತ್ರಿಯರ ಧರ್ಮಜಿಜ್ಞಾಸೆಗೆ ಒರೆಗಲ್ಲು. ಕಾಸರವಳ್ಳಿಯವರ ‘ಘಟಶ್ರಾದ್ಧ’ದಲ್ಲಿ (1977) ಯಮುನೆಯ ಪಾಡನ್ನು ನಾವು ಕಾಣುವುದು ಒಬ್ಬ ಹುಡುಗನ ಕಣ್ಣಿನಿಂದ. ಎರಡೂ ಶ್ರೇಷ್ಠ ಚಿತ್ರಗಳೇ, ಸಂದೇಹವಿಲ್ಲ. ಆದರೆ ‘ಫಣಿಯಮ್ಮ’ದಲ್ಲಿ ತಕ್ಕಡಿ ವಿಧವೆಯ ಕೈಗೇ ಬಂದಿದೆ, ಗಂಡಸರ ಶಾಸ್ತ್ರವನ್ನು ಆಕೆ ತೂಗುತ್ತಾಳೆ. ಅದೇ ನಟಿ, ಅದೇ ವೈಧವ್ಯ, ನೋಡುವ ಕಣ್ಣು ಬೇರೆ. (ಸಂಗೀತ ಮಾತ್ರ ಪತಿಯದೇ!)

ಕೊರತೆ ಇಲ್ಲವೆಂದಲ್ಲ. ಕಾದಂಬರಿಯ ತುಂಬುಮನೆಯ ಗದ್ದಲ, ಮಲೆನಾಡಿನ ಮಾತಿನ ಸೊಗಸು ತೆರೆಯ ಮೇಲೆ ಅಷ್ಟಾಗಿ ಉಳಿದಿಲ್ಲ. ಓಟದ ಚಿತ್ರಗಳಿಗೆ ಒಗ್ಗಿದವರಿಗೆ ನಡೆಯೂ ನಿಧಾನವೆನಿಸೀತು. ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, ‘ಹಂಸಗೀತೆ’ಯಂಥ ಚಿತ್ರಗಳಿಗೆ ವಸ್ತ್ರವಿನ್ಯಾಸ ಮಾಡಿ, 1979ರಲ್ಲಿ ‘ಬೆನಕ’ದ ಮಕ್ಕಳ ಕೇಂದ್ರವನ್ನು ಕಟ್ಟಿದವರು ಪ್ರೇಮಾ, ಅವರಿಗೆ ಅವಸರವಿರಲಿಲ್ಲ.

ಸಂಘದವರು ಮುಂದಿನ ಕೂಟದಲ್ಲಿ ಒಂದೆರಡು ಭಾಷಣಗಳನ್ನು (ನಮ್ಮದನ್ನೂ ಸೇರಿಸಿ) ಕೈಬಿಟ್ಟು ಈ ಚಿತ್ರವನ್ನು ತೋರಿಸಬೇಕೆಂದು ಕೋರುತ್ತೇವೆ. ಮನೆಯ ಅಜ್ಜಿಯರನ್ನು ಮುಂದಿನ ಸಾಲಿನಲ್ಲಿ ಕೂರಿಸಲಿ.