ಪ್ರತಿಬಿಂಬ ಅಣುಗಳ ಬೇರ್ಪಡೆ: ಮೂರು ಬಿಂದುಗಳ ವಾದವನ್ನು ಕುರಿತು

ಎಡಗೈ ಬಲಗೈಗಳಂತೆ ಪರಸ್ಪರ ಪ್ರತಿಬಿಂಬಗಳಾಗಿರುವ ಅಣುಗಳನ್ನು ದ್ರವ ಕ್ರೊಮಟೋಗ್ರಫಿಯಿಂದ ಬೇರ್ಪಡಿಸುವಲ್ಲಿ, ಸೆಲ್ಯುಲೋಸ್ ಮತ್ತು ಅಮೈಲೋಸುಗಳ ಉತ್ಪನ್ನಗಳನ್ನು ಬಳಸಿದ ಸ್ತಂಭಗಳಿಗೆ ಸರಿಸಮವಾದ ಸಾಧನಗಳು ವಿರಳ. ಅವುಗಳ ಉಪಯುಕ್ತತೆಯನ್ನು ನಾವು ಪ್ರಶ್ನಿಸುವುದಿಲ್ಲ. ನಮ್ಮ ಆಕ್ಷೇಪವಿರುವುದು, ಈ ಬೇರ್ಪಡೆ ಏಕೆ ಆಗುತ್ತದೆಂಬುದಕ್ಕೆ ತರಗತಿಗಳಲ್ಲಿಯೂ ಪ್ರಬಂಧಗಳಲ್ಲಿಯೂ ಕೊಡುವ ಸಮಾಧಾನದ ಬಗೆಗೆ.

ಆ ಸಮಾಧಾನ ಎಲ್ಲರಿಗೂ ಪರಿಚಿತವಾದುದೇ. ಒಂದು ರೂಪದ ಅಣುವು ಸ್ತಂಭದ ಪದಾರ್ಥವನ್ನು ಮೂರು ಬಿಂದುಗಳಲ್ಲಿ ಹಿಡಿದರೆ, ಅದರ ಪ್ರತಿಬಿಂಬಕ್ಕೆ ಎರಡೇ ಬಿಂದುಗಳು ದೊರೆಯುತ್ತವೆ. ಆದುದರಿಂದ ಮೊದಲನೆಯದು ತಡವಾಗಿಯೂ ಎರಡನೆಯದು ಬೇಗನೆಯೂ ಹೊರಬರುತ್ತವೆ. ಅಮೈನೋ ಆಮ್ಲಗಳು ಕಾಗದದ ಮೇಲೆ ಬೇರ್ಪಟ್ಟುದನ್ನು ವಿವರಿಸಲು ಡಾಲ್ಗ್ಲೀಶ್ 1952ರಲ್ಲಿ ಈ ವಾದವನ್ನು ಮುಂದಿಟ್ಟರು. ಕಾಗದವೂ ಸೆಲ್ಯುಲೋಸೇ ಆದ ಕಾರಣ, ವಾದವು ಮುಂದಿನ ಸ್ತಂಭಗಳಿಗೂ ಅನಾಯಾಸವಾಗಿ ಅನ್ವಯವಾಯಿತು. ಕರಿಹಲಗೆಯ ಮೇಲೆ ಬರೆಯಲು ಇದರಷ್ಟು ಸುಲಭವಾದ ಚಿತ್ರ ಮತ್ತೊಂದಿಲ್ಲ. ನಾವೂ ಅದನ್ನು ಎಷ್ಟೋ ವರ್ಷ ಬರೆದವರೇ.

ಪ್ರಯೋಗಗಳು ಹೇಳುವುದು ಬೇರೆ. 1973ರಲ್ಲಿ ಹೆಸ್ಸೆ ಮತ್ತು ಹಾಗೆಲ್ ಎಂಬವರು, ಸೆಲ್ಯುಲೋಸಿನ ಸಹಜವಾದ ಸ್ಫಟಿಕ ವ್ಯವಸ್ಥೆ ಕೆಡದಂತೆ ಅದನ್ನು ಟ್ರೈಅಸಿಟೇಟಾಗಿ ಮಾರ್ಪಡಿಸಿ, ಸ್ತಂಭದಲ್ಲಿ ಬಳಸಿದರು. 1984ರಲ್ಲಿ ಜಪಾನಿನ ಒಕಾಮೊಟೊ ಮತ್ತು ಅವರ ಸಹೋದ್ಯೋಗಿಗಳು ಟ್ರೈಅಸಿಟೇಟನ್ನು ದ್ರಾವಕದಲ್ಲಿ ಕರಗಿಸಿ ಸಿಲಿಕಾ ಕಣಗಳಿಗೆ ಲೇಪಿಸಿದರು. 1944ರಷ್ಟು ಹಿಂದೆಯೇ ಪ್ರೆಲಾಗ್ ಮತ್ತು ವೀಲಾಂಡ್ ಲ್ಯಾಕ್ಟೋಸ್ ಸ್ತಂಭದಿಂದ ಬೇರ್ಪಡಿಸಿದ್ದ ಟ್ರೋಗರನ ಪ್ರತ್ಯಾಮ್ಲವನ್ನು ಈ ಎರಡು ಬಗೆಯ ಸ್ತಂಭಗಳಲ್ಲಿ ಹರಿಸಿದಾಗ, ಒಂದರಲ್ಲಿ ಮೊದಲು ಬಂದ ರೂಪ ಇನ್ನೊಂದರಲ್ಲಿ ಕೊನೆಗೆ ಬಂದಿತು! ಗ್ಲೂಕೋಸ್ ಘಟಕಗಳು ಅವೇ, ಅಸಿಟೈಲ್ ಗುಂಪುಗಳೂ ಅವೇ. ಎಂದರೆ ಹಿಡಿಯಬಹುದಾದ ಬಿಂದುಗಳಲ್ಲಿ ಯಾವ ಭೇದವೂ ಇಲ್ಲ. ಬದಲಾದುದು ಸರಪಣಿಗಳ ಜೋಡಣೆ ಮಾತ್ರ. ಮೂರು ಬಿಂದುಗಳ ಚಿತ್ರದಲ್ಲಿ ಈ ಜೋಡಣೆಗೆ ಸ್ಥಳವೇ ಇಲ್ಲ.

ದ್ರಾವಕಕ್ಕೂ ಅದರಲ್ಲಿ ಸ್ಥಳವಿಲ್ಲ. ಹೆಕ್ಸೇನಿನೊಡನೆ ಐಸೊಪ್ರೊಪೈಲ್ ಆಲ್ಕೊಹಾಲಿಗೆ ಬದಲಾಗಿ ಈಥೈಲ್ ಆಲ್ಕೊಹಾಲನ್ನು ಬೆರೆಸಿದ ಮಾತ್ರದಿಂದ ಹೊರಬರುವ ಕ್ರಮ ತಲೆಕೆಳಗಾದ ಉದಾಹರಣೆಗಳುಂಟು.

ಇನ್ನು ಶಕ್ತಿಯ ಲೆಕ್ಕವನ್ನು ನೋಡೋಣ. ಸ್ತಂಭವು ಒಂದು ರೂಪವನ್ನು ಇನ್ನೊಂದರ 1.2 ಪಟ್ಟು ಹಿಡಿದಿಟ್ಟರೆ, ಒಳ್ಳೆಯ ಸ್ತಂಭದಲ್ಲಿ ಅವೆರಡೂ ಸ್ಪಷ್ಟವಾಗಿ ಬೇರಾಗುತ್ತವೆ. 25 ಡಿಗ್ರಿ ಸೆಲ್ಸಿಯಸಿನಲ್ಲಿ ಇದಕ್ಕೆ ತಕ್ಕ ಶಕ್ತಿವ್ಯತ್ಯಾಸ ಮೋಲಿಗೆ ಸುಮಾರು 0.45 ಕಿಲೋಜೂಲ್ ಮಾತ್ರ. ಸಾಧಾರಣವಾದ ಒಂದು ಜಲಜನಕ ಬಂಧದ ಶಕ್ತಿ ಇದರ ಹತ್ತಾರು ಪಟ್ಟು. ಮೂರನೆಯ ಬಂಧವೇ ತಪ್ಪಿಹೋಗಿದ್ದರೆ ಅಂತರ ಇಷ್ಟು ಅಲ್ಪವಾಗಿರುವುದೆಂತು ಎಂದು ವಿದ್ಯಾರ್ಥಿಯೊಬ್ಬನು ಕೇಳಿದರೆ, ಕರಿಹಲಗೆಯ ಚಿತ್ರದಿಂದ ಅವನಿಗೆ ಉತ್ತರ ದೊರೆಯದು. ಅನೇಕ ದುರ್ಬಲ ಆಕರ್ಷಣ ವಿಕರ್ಷಣಗಳ ಕೂಡು ಕಳೆಯುವಿಕೆಯಲ್ಲಿ ಉಳಿದ ಶೇಷವಿದು ಎಂದು ಹೇಳುವುದೇ ಪ್ರಾಮಾಣಿಕವಾದ ಮಾತು.

ಹಾಗೆಂದು ಏನೂ ತಿಳಿದಿಲ್ಲವೆಂದು ನಾವು ಹೇಳುತ್ತಿಲ್ಲ. 1996ರಲ್ಲಿ ಯಶಿಮಾ, ಒಕಾಮೊಟೊ ಮೊದಲಾದವರು ಕ್ಲೋರೊಫಾರ್ಮಿನಲ್ಲಿ ಕರಗುವ ಸೆಲ್ಯುಲೋಸ್ ಕಾರ್ಬಮೇಟೊಂದನ್ನು ಆರಿಸಿಕೊಂಡು, ಬೈನ್ಯಾಫ್ತಾಲ್ ಅಣುವು ಅದರಲ್ಲಿ ಹೇಗೆ ನೆಲೆಗೊಳ್ಳುವುದೆಂಬುದನ್ನು ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸಿನಿಂದ ಪರೀಕ್ಷಿಸಿದರು. ಇದು ನಿಜವಾದ ಸಾಕ್ಷ್ಯ. ಆದರೆ ಅದು ಒಂದು ಪಾಲಿಮರಿಗೆ, ಒಂದು ಅತಿಥಿ ಅಣುವಿಗೆ, ಅದೂ ದ್ರಾವಣದ ಸ್ಥಿತಿಗೆ ಸಂಬಂಧಿಸಿದುದು. ಬೇರೊಂದು ಔಷಧದ ಬೇರ್ಪಡೆಯನ್ನು ವರದಿಮಾಡುವಾಗ ಅದನ್ನು ಹಾಗೆಯೇ ಎತ್ತಿಕೊಂಡು ಕಾರಣವೆಂದು ಬರೆಯುವುದು ಸಲ್ಲದು. ನಮ್ಮ ವಿದ್ಯಾರ್ಥಿಗಳು ಪ್ರಬಂಧಗಳಲ್ಲಿ ಬಣ್ಣದ ಚಿತ್ರವೊಂದನ್ನು ಸೇರಿಸುವುದಕ್ಕಿಂತ, ದ್ರಾವಕವನ್ನೂ ಉಷ್ಣತೆಯನ್ನೂ ಹೊರಬಂದ ಕ್ರಮವನ್ನೂ, ಜೊತೆಗೆ ಪ್ರಯತ್ನಿಸಿ ವಿಫಲವಾದ ಸ್ತಂಭಗಳ ಹೆಸರುಗಳನ್ನೂ ಬರೆದರೆ ಮುಂದೆ ಅದೇ ಕೆಲಸಕ್ಕೆ ಕೈಹಾಕುವವರಿಗೆ ಎಷ್ಟೋ ದಿನಗಳ ಶ್ರಮ ಉಳಿದೀತು.