ರಿಫ್‌ನ ಜಾಡು ಹಿಡಿದು: ರಾಕ್, ಮೆಟಲ್ ಆಲ್ಬಮ್‌ಗಳ ರಸಿಕರಿಗೊಂದು ಕೈಪಿಡಿ

ರಾಕ್ ಸಂಗೀತ ಕೇಳಲು ಕೂತ ಕನ್ನಡದ ಕಿವಿ ಮೊದಲು ಹುಡುಕುವುದು ಹಾಡುಗಾರನನ್ನು. ದಾಸರ ಪದವಿರಲಿ, ಭಾವಗೀತೆಯಿರಲಿ, ಸಿನಿಮಾ ಹಾಡಿರಲಿ, ಸಾಹಿತ್ಯ ಹೊತ್ತ ದನಿಯೇ ಮುಂದೆ ನಿಲ್ಲುತ್ತದೆ. ವಾದ್ಯಗಳು ಅದರ ಬೆನ್ನಿಗಿರುತ್ತವೆ. ಇದೇ ರೂಢಿಯಲ್ಲಿ ಮೆಟಲ್ ಹಾಕಿದರೆ "ಏನು ಹೇಳ್ತಿದಾನೋ ತಿಳಿಯಲ್ಲ, ಬರೀ ಗಲಾಟೆ" ಎಂಬ ಮಾತು ಐದೇ ನಿಮಿಷದಲ್ಲಿ ಬಂದುಬಿಡುತ್ತದೆ. ಹೊಸಬರಿಗೆ ನಾನು ಕೊಡುವ ಸಲಹೆ ಒಂದೇ: ದನಿಯನ್ನು ಸ್ವಲ್ಪ ಹೊತ್ತು ಮರೆತು ಗಿಟಾರಿನ ರಿಫ್ ಹಿಡಿಯಿರಿ. ರಿಫ್ ಎಂದರೆ ಕೆಲವೇ ಸ್ವರಗಳ ಒಂದು ಗಟ್ಟಿ ತುಣುಕು. ಅದು ಮತ್ತೆ ಮತ್ತೆ ಬರುತ್ತದೆ, ಅಲ್ಲಲ್ಲಿ ತಿರುವು ಪಡೆಯುತ್ತದೆ, ಇನ್ನೊಂದು ರಿಫ್‌ಗೆ ದಾರಿ ಬಿಡುತ್ತದೆ, ಕೊನೆಗೆ ಮರಳುತ್ತದೆ. ಹಾಡನ್ನು ಕಟ್ಟುವುದು ಅದು. ಅದರ ಜಾಡು ಸಿಕ್ಕಿತೆಂದರೆ ಗಲಾಟೆಯ ಒಳಗಿನ ಕಟ್ಟಡ ಕಾಣತೊಡಗುತ್ತದೆ.

ನನ್ನ ಮೆಚ್ಚಿನ ಏಳು ಆಲ್ಬಮ್‌ಗಳನ್ನು ಶ್ರೇಯಾಂಕದಲ್ಲೇ ಹೇಳಿಬಿಡುತ್ತೇನೆ. ಮೊದಲನೆಯದು ಮೆಟಾಲಿಕಾದ ‘ಮಾಸ್ಟರ್ ಆಫ್ ಪಪೆಟ್ಸ್’ (1986). ಎರಡನೆಯದು ‘ಬ್ಲ್ಯಾಕ್ ಸಬ್ಬತ್’ (1970), ಅದೇ ಹೆಸರಿನ ತಂಡದ ಮೊದಲ ಆಲ್ಬಮ್. ಆಮೇಲೆ ಪಿಂಕ್ ಫ್ಲಾಯ್ಡ್‌ನ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ (1973), ಐರನ್ ಮೇಡನ್‌ನ ‘ಪೀಸ್ ಆಫ್ ಮೈಂಡ್’ (1983), ಡೆತ್ ತಂಡದ ‘ಹ್ಯೂಮನ್’ (1991), ಟೂಲ್‌ನ ‘ಲ್ಯಾಟರಾಲಸ್’ (2001), ಲೆಡ್ ಜೆಪ್ಲಿನ್‌ನ ನಾಲ್ಕನೆಯ ಆಲ್ಬಮ್ (1971). ಅಳತೆಗೋಲು ಎರಡು: ರಿಫ್ ಎಷ್ಟು ಗಟ್ಟಿ, ಮತ್ತು ಆಲ್ಬಮ್ ಮೊದಲಿನಿಂದ ಕೊನೆಯವರೆಗೆ ಒಂದೇ ಕೃತಿಯಾಗಿ ನಿಲ್ಲುತ್ತದೆಯೇ. ಸ್ಲೇಯರ್‌ನ ‘ರೇನ್ ಇನ್ ಬ್ಲಡ್’ ಎಂಟನೆಯದಾಗಿ ಹೊರಗುಳಿದದ್ದಕ್ಕೆ ಜಗಳ ತೆಗೆಯುವ ಗೆಳೆಯರಿದ್ದಾರೆ. ಅರ್ಧ ಗಂಟೆಯೂ ಇಲ್ಲದ ಆ ಆಲ್ಬಮ್‌ನ ವೇಗ ನನಗೂ ಇಷ್ಟವೇ. ಆದರೆ ಏಳರಲ್ಲಿ ಯಾವುದನ್ನೂ ಬಿಟ್ಟುಕೊಡಲಾರೆ.

ಹೊಸಬರು ಈ ಕ್ರಮದಲ್ಲಿ ಕೇಳಬಾರದು. ಮೂರನೆಯದರಿಂದ ಶುರು ಮಾಡಿ.

ಅದಕ್ಕೂ ಮುಂಚೆ ಒಂದು ಏರ್ಪಾಡು. ಫೋನಿನ ಸ್ಪೀಕರಿನಲ್ಲಿ ಈ ಸಂಗೀತವನ್ನು ಕೇಳಲೇಬೇಡಿ. ಆ ಪುಟ್ಟ ಸ್ಪೀಕರಿಗೆ ಬೇಸ್ ಗಿಟಾರ್ ಮತ್ತು ದೊಡ್ಡ ಡ್ರಮ್‌ನ ಕೆಳದನಿಗಳನ್ನು ಹೊರಡಿಸುವ ಶಕ್ತಿಯಿಲ್ಲ. ಉಳಿಯುವುದು ಕೀರಲು ಮಾತ್ರ. ಸಾಧಾರಣ ಹೆಡ್‌ಫೋನ್ ಸಾಕು, ಧ್ವನಿಯೂ ಹದವಾಗಿರಲಿ. ಒಂದೇ ಆಲ್ಬಮ್ಮನ್ನು ಒಂದು ವಾರ ಇಟ್ಟುಕೊಳ್ಳಿ. ಒಮ್ಮೆ ಗಿಟಾರನ್ನಷ್ಟೇ ಹಿಂಬಾಲಿಸಿ, ಇನ್ನೊಮ್ಮೆ ಡ್ರಮ್ಸ್, ಮತ್ತೊಮ್ಮೆ ಬೇಸ್. ಸಾಹಿತ್ಯವನ್ನು ಕೊನೆಯಲ್ಲಿ ಎದುರಿಗಿಟ್ಟುಕೊಂಡು ಓದುತ್ತ ಕೇಳಿ. ಹಾಡುಗಳನ್ನು ಹಿಂದುಮುಂದು ಮಾಡಬೇಡಿ. ಇವುಗಳಲ್ಲಿ ಹೆಚ್ಚಿನವು ಎಲ್‌ಪಿ ತಟ್ಟೆಗೆಂದು ಜೋಡಿಸಿದವು. ಒಂದೊಂದು ಮಗ್ಗುಲಿಗೆ ಇಪ್ಪತ್ತು ಇಪ್ಪತ್ತೈದು ನಿಮಿಷ. ಮಗ್ಗುಲು ಯಾವ ಹಾಡಿನಿಂದ ತೆರೆಯಬೇಕು, ಯಾವುದರಿಂದ ಮುಚ್ಚಬೇಕು ಎಂದು ತಂಡದವರು ತಲೆ ಕೆಡಿಸಿಕೊಂಡಿರುತ್ತಾರೆ.

‘ಡಾರ್ಕ್ ಸೈಡ್’ನಿಂದ ಶುರು ಮಾಡಿ ಎಂದದ್ದಕ್ಕೆ ಕಾರಣವಿದೆ. ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ಮಾಡಿದ ಈ ಆಲ್ಬಮ್‌ನಲ್ಲಿ ಎದೆಬಡಿತದಿಂದ ಎದೆಬಡಿತದವರೆಗೆ ಹಾಡುಗಳು ಒಂದರೊಳಗೊಂದು ಕರಗುತ್ತ ಹೋಗುತ್ತವೆ. ಮೊದಲ ಮಗ್ಗುಲಿನ ಕೊನೆಯಲ್ಲಿ ಕ್ಲೇರ್ ಟೊರಿ ಎಂಬ ಗಾಯಕಿ ಒಂದು ಪದವೂ ಇಲ್ಲದೆ, ಬರೀ ದನಿಯಲ್ಲಿ ಹಾಡುತ್ತಾರೆ. ಆಲಾಪನೆ ಕೇಳಿ ಬೆಳೆದವರಿಗೆ ಇದರೊಳಗೆ ಹೋಗಲು ಯಾರ ಸಹಾಯವೂ ಬೇಡ. ಸ್ಟುಡಿಯೋದಲ್ಲಿ ಆಗಿಂದಾಗ್ಗೆ ಹುಟ್ಟಿದ ಆ ಗಾಯನಕ್ಕೆ ಅವರಿಗೆ ಸಿಕ್ಕ ಸಂಭಾವನೆ 30 ಪೌಂಡ್. ರಚನೆಯಲ್ಲಿ ಅವರ ಪಾಲಿದೆ ಎಂಬುದು ಇತ್ಯರ್ಥವಾಗಲು 2005 ಬರಬೇಕಾಯಿತು. ಎರಡನೆಯ ಮಗ್ಗುಲು ‘ಮನಿ’ಯಿಂದ ಶುರುವಾಗುತ್ತದೆ. ಗಲ್ಲಾಪೆಟ್ಟಿಗೆಯ, ಚಿಲ್ಲರೆ ನಾಣ್ಯದ ಸದ್ದನ್ನು ಟೇಪಿನಲ್ಲಿ ಕತ್ತರಿಸಿ ಅಂಟಿಸಿ ಮಾಡಿದ ತಾಳದ ಮೇಲೆ ಬೇಸ್ ರಿಫ್ ಬರುತ್ತದೆ. ತೊಡೆಯ ಮೇಲೆ ಕೈಯಿಟ್ಟು ಎಣಿಸಿ: ಏಳು. ಮಿಶ್ರ ಛಾಪು ಹಾಕಿ ಅಭ್ಯಾಸವಿದ್ದವರಿಗೆ ಏಳೆಣಿಕೆ ಹೊಸದಲ್ಲ. ಸ್ಯಾಕ್ಸೋಫೋನ್ ಮುಗಿದು ಗಿಟಾರ್ ಸೋಲೋ ಹೊರಟೊಡನೆ ಎಣಿಕೆ ನಾಲ್ಕಕ್ಕೆ ತಿರುಗಿ ಹಾಡು ಒಮ್ಮೆಲೇ ಹಗುರಾಗುತ್ತದೆ. ಇದನ್ನು ನೀವೇ ಎಣಿಸಿ ಹಿಡಿದ ದಿನ ನಿಮ್ಮ ಕಿವಿ ಈ ಸಂಗೀತಕ್ಕೆ ತೆರೆಯಿತೆಂದು ತಿಳಿಯಿರಿ.

ಎರಡನೆಯ ವಾರ ಲೆಡ್ ಜೆಪ್ಲಿನ್. ಇಲ್ಲಿ ಎಲ್ಲರೂ ‘ಸ್ಟೇರ್‌ವೇ ಟು ಹೆವನ್’ ಕೇಳುತ್ತಾರೆ. ನೀವು ಕೊನೆಯ ಹಾಡಿಗೆ ಹೆಚ್ಚು ಹೊತ್ತು ಕೊಡಿ. 1927ರ ಮಿಸಿಸಿಪ್ಪಿ ಪ್ರವಾಹದ ಬಗ್ಗೆ ಕಾನ್ಸಾಸ್ ಜೋ ಮೆಕಾಯ್ ಮತ್ತು ಮೆಂಫಿಸ್ ಮಿನಿ ಎಂಬ ಕರಿಯ ಕಲಾವಿದರು 1929ರಲ್ಲಿ ಹಾಡಿದ ಬ್ಲೂಸ್ ಹಾಡು ಅದು. ಜೆಪ್ಲಿನ್‌ನವರು ಅದನ್ನು ಮತ್ತೆ ಹಾಡುವಾಗ ಹೆಡ್ಲಿ ಗ್ರೇಂಜ್ ಎಂಬ ಹಳೆಯ ಮನೆಯಲ್ಲಿ ಜಾನ್ ಬೋನಮ್‌ರ ಡ್ರಮ್ಸನ್ನು ಮಹಡಿ ಮೆಟ್ಟಿಲ ಬುಡದ ಹಜಾರದಲ್ಲಿಟ್ಟು, ಮೈಕುಗಳನ್ನು ಮೇಲಿನಿಂದ ಇಳಿಬಿಟ್ಟು ಮುದ್ರಿಸಿಕೊಂಡರು. ಆ ಹಜಾರದ ಗೋಡೆ, ಎತ್ತರ, ಗಾಳಿ ಎಲ್ಲವೂ ಡ್ರಮ್ಮಿನ ನಾದದೊಳಗಿವೆ. ರಾಕ್‌ನಲ್ಲಿ ಮುದ್ರಣವೂ ಒಂದು ವಾದ್ಯ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಹಾಡು ನನಗೆ ಸಿಕ್ಕಿಲ್ಲ.

ಈಗ ಬ್ಲ್ಯಾಕ್ ಸಬ್ಬತ್. ಮೆಟಲ್ ಹುಟ್ಟಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ಕಾರ್ಖಾನೆಗಳ ನಡುವಿನ ಆಸ್ಟನ್ ಎಂಬ ಬಡಾವಣೆಯಲ್ಲಿ. ತಂಡದ ಗಿಟಾರ್ ವಾದಕ ಟೋನಿ ಅಯೋಮಿ 17ರ ಹುಡುಗ. ತಗಡಿನ ಕಾರ್ಖಾನೆಯಲ್ಲಿ ಕೆಲಸ. ಕೆಲಸ ಬಿಡುವ ಕೊನೆಯ ದಿನವೇ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಅವರು ಎಡಗೈಯಲ್ಲಿ ಮೀಟುವವರು, ಹಾಗಾಗಿ ಹೋದದ್ದು ತಂತಿ ಒತ್ತುವ ಬೆರಳುಗಳೇ. ಬೆಂಕಿಯಲ್ಲಿ ಎರಡು ಬೆರಳುಗಳ ಶಕ್ತಿ ಕಳೆದುಕೊಂಡೂ ದೊಡ್ಡ ಗಿಟಾರ್ ವಾದಕರಾದ ಜಾಂಗೊ ರೈನ್‌ಹಾರ್ಟ್‌ರ ರೆಕಾರ್ಡನ್ನು ಕಾರ್ಖಾನೆಯ ಮೇಲ್ವಿಚಾರಕರು ತಂದು ಕೇಳಿಸಿದರು. ಅಯೋಮಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡರು, ಮೇಲೆ ಚರ್ಮ ಅಂಟಿಸಿದರು, ತೆಳು ತಂತಿ ಹಾಕಿದರು. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಹೊತ್ತಿಗೆ ಒತ್ತಲು ಸುಲಭವಾಗಲೆಂದು ತಂತಿಗಳ ಬಿಗಿ ಇಳಿಸಿ ಶ್ರುತಿಯನ್ನೇ ಕೆಳಗಿಳಿಸಿದರು. ಇಂದು ಮೆಟಲ್ ಎಂದರೆ ನೆನಪಾಗುವ ಆ ಕೆಳಗಿನ, ಭಾರವಾದ ನಾದದ ಬೇರು ಆ ನೊಂದ ಬೆರಳುಗಳಲ್ಲಿದೆ.

ಮೊದಲ ಆಲ್ಬಮ್ ಮುದ್ರಣವಾದದ್ದು 1969ರ ಅಕ್ಟೋಬರಿನಲ್ಲಿ, ಒಂದೇ ದಿನದಲ್ಲಿ. ಮಳೆ, ದೂರದ ಚರ್ಚಿನ ಗಂಟೆ, ಆಮೇಲೆ ಮೂರು ಸ್ವರಗಳ ರಿಫ್. ನಮ್ಮ ಲೆಕ್ಕದಲ್ಲಿ ಹೇಳಿದರೆ ಷಡ್ಜ, ಮೇಲಿನ ಷಡ್ಜ, ಅಲ್ಲಿಂದ ಇಳಿದು ಪ್ರತಿಮಧ್ಯಮ. ಅಷ್ಟೇ. ಇದೇ ಪ್ರತಿಮಧ್ಯಮ ನಮ್ಮ ಕಲ್ಯಾಣಿಯಲ್ಲಿದೆ, ಅಲ್ಲಿ ಮಂಗಳಕರವಾಗಿ ಕೇಳುತ್ತದೆ. ಏಕೆಂದರೆ ಅಕ್ಕಪಕ್ಕದಲ್ಲಿ ಗಾಂಧಾರವಿದೆ, ಪಂಚಮವಿದೆ, ಗಮಕವಿದೆ. ಅಯೋಮಿ ಆ ನೆಂಟರನ್ನೆಲ್ಲ ದೂರವಿಟ್ಟು ಅದೊಂದನ್ನೇ ಬತ್ತಲೆಯಾಗಿ ನಿಲ್ಲಿಸುತ್ತಾರೆ, ಬೆರಳು ಅಲುಗಿಸಿ ನಡುಗಿಸುತ್ತಾರೆ. ಭಯ ಹುಟ್ಟುತ್ತದೆ. ಒಂದು ಸ್ವರದ ಬಣ್ಣ ಅದರ ಸುತ್ತ ಯಾರಿದ್ದಾರೆ ಎಂಬುದರ ಮೇಲೆ ನಿಂತಿದೆ ಎಂದು ಸಂಗೀತದ ಮೇಷ್ಟ್ರುಗಳು ಹೇಳುವುದು ಇಲ್ಲಿ ಮೈಗೆ ತಾಗುತ್ತದೆ.

ಇಲ್ಲೇ ಇನ್ನೊಂದು ಗುಟ್ಟು. ಮೆಟಲ್ ಗಿಟಾರಿನ ದಪ್ಪ ನಾದಕ್ಕೆ ಪವರ್ ಕಾರ್ಡ್ ಎನ್ನುತ್ತಾರೆ. ಅದರಲ್ಲಿರುವುದು ಎರಡೇ ಸ್ವರ, ಷಡ್ಜ ಮತ್ತು ಪಂಚಮ. ಆಂಪ್ಲಿಫೈಯರನ್ನು ಮಿತಿಮೀರಿ ದುಡಿಸಿದಾಗ ನಾದ ಒಡೆದು ಸಾಕಷ್ಟು ಉಪಸ್ವರಗಳು ಹುಟ್ಟುತ್ತವೆ, ಇದೇ ಡಿಸ್ಟಾರ್ಷನ್. ಆಗ ಗಾಂಧಾರ ಸೇರಿಸಿದರೆ ಎಲ್ಲ ಕಲಸಿಹೋಗುತ್ತದೆ, ಸ-ಪ ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ. ತಂಬೂರಿಯಲ್ಲಿ ನಾವು ಹುಟ್ಟಿದಾಗಿನಿಂದ ಕೇಳುತ್ತಿರುವ ಜೋಡಿಯೇ ಇದು. ಹಾಗೆಂದು ಪ್ರತಿ ಹಾಡಿಗೂ ಒಂದು ರಾಗದ ಹೆಸರು ಹಚ್ಚುವ ಚಟಕ್ಕೆ ಬೀಳಬೇಡಿ. ಸ್ವರಗಳು ಹೊಂದಬಹುದು, ರಾಗ ಎಂಬುದು ಸಂಚಾರ, ಅದು ಇಲ್ಲಿಲ್ಲ.

2025ರ ಜುಲೈ 5ರಂದು ಸಬ್ಬತ್‌ನ ಮೂಲ ನಾಲ್ವರೂ ಅದೇ ಆಸ್ಟನ್ನಿನ ವಿಲ್ಲಾ ಪಾರ್ಕ್ ಮೈದಾನದಲ್ಲಿ ಕೊನೆಯ ಸಲ ಕೂಡಿ ನುಡಿಸಿದರು. ಗಾಯಕ ಆಜಿ ಆಸ್ಬರ್ನ್ ಕುರ್ಚಿಯಲ್ಲಿ ಕೂತೇ ಹಾಡಿದರು, 22ರಂದು ತೀರಿಕೊಂಡರು.

ಐರನ್ ಮೇಡನ್ ಕೇಳಲು ಛಂದಸ್ಸು ಬಲ್ಲವರಿಗೆ ಒಂದು ಸುಳಿವು. ‘ಪೀಸ್ ಆಫ್ ಮೈಂಡ್’ನ ‘ದ ಟ್ರೂಪರ್’ನಲ್ಲಿ ಗಿಟಾರ್, ಬೇಸ್ ಎರಡೂ ಓಡುವ ನಡೆ ಗುರು-ಲಘು-ಲಘು, ಅಂದರೆ ಶುದ್ಧ ಭಗಣ. ಕ್ರಿಮಿಯಾ ಯುದ್ಧದಲ್ಲಿ 1854ರಲ್ಲಿ ಫಿರಂಗಿಗಳ ಬಾಯಿಗೆ ನುಗ್ಗಿದ ಬ್ರಿಟಿಷ್ ಕುದುರೆಪಡೆಯ ಕಥೆ ಅದು. ಗೊರಸಿನ ಸದ್ದು ತಾಳದಲ್ಲೇ ಇದೆ. ಬೇಸ್ ನುಡಿಸುವ ಸ್ಟೀವ್ ಹ್ಯಾರಿಸ್ ಈ ಓಟವನ್ನೆಲ್ಲ ಬರಿಬೆರಳಲ್ಲಿ ಮೀಟುತ್ತಾರೆ. ಎರಡು ಗಿಟಾರ್‌ಗಳು ಒಂದೇ ಸಂಗತಿಯನ್ನು ಬೇರೆ ಬೇರೆ ಸ್ವರದಿಂದ ಹಿಡಿದು ಜೊತೆಜೊತೆಗೆ ಸಾಗುವುದನ್ನೂ ಗಮನಿಸಿ. ಈ ತಂಡ 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿತು. ಆ ನಂತರ ದೊಡ್ಡ ಮೆಟಲ್ ತಂಡಗಳಿಗೆ ನಮ್ಮ ಊರಿನ ದಾರಿ ತೆರೆಯಿತು.

‘ಹ್ಯೂಮನ್’ ಎದುರಾದಾಗ ಹೆಚ್ಚಿನವರು ಹಿಂದೆಗೆಯುತ್ತಾರೆ, ಕಾರಣ ಗಾಯಕನ ಗುಟುರು. ಆಲ್ಬಮ್‌ನಲ್ಲಿ ‘ಕಾಸ್ಮಿಕ್ ಸೀ’ ಎಂಬ ಗಾಯನವೇ ಇಲ್ಲದ ತುಣುಕಿದೆ. ಅದನ್ನು ಮೊದಲು ಕೇಳಿ. ಅದೇ ಗಾಯಕ, ಫ್ಲೋರಿಡಾದ ಚಕ್ ಶುಲ್ಡಿನರ್ ಎಷ್ಟು ಸೂಕ್ಷ್ಮವಾಗಿ ರಿಫ್ ಹೆಣೆಯುತ್ತಿದ್ದರು ಎಂಬುದು ತಿಳಿದ ಮೇಲೆ ಗುಟುರು ಇನ್ನೊಂದು ತಾಳವಾದ್ಯದಂತೆ ತನ್ನ ಜಾಗದಲ್ಲಿ ಕೂರುತ್ತದೆ. ಅವರು 34ನೇ ವಯಸ್ಸಿಗೆ, 2001ರಲ್ಲಿ, ಮೆದುಳಿನ ಗೆಡ್ಡೆಯಿಂದ ತೀರಿಕೊಂಡರು.

ಟೂಲ್ ಲೆಕ್ಕದ ಹುಚ್ಚಿರುವವರಿಗೆ. ‘ಲ್ಯಾಟರಾಲಸ್’ ಹಾಡಿನ ಮುಖ್ಯ ಭಾಗ ಒಂಬತ್ತು, ಎಂಟು, ಏಳು ಎಂದು ಎಣಿಕೆ ಇಳಿಸುತ್ತ ಸುತ್ತುತ್ತದೆ. ಚರಣದ ಅಕ್ಷರಗಳು ಒಂದು, ಒಂದು, ಎರಡು, ಮೂರು, ಐದು, ಎಂಟು ಎಂದು ಫಿಬೊನಾಚಿ ಸಾಲಿನಲ್ಲಿ ಬೆಳೆಯುತ್ತವೆ. ಫಿಬೊನಾಚಿಗಿಂತ ಮೊದಲೇ, 12ನೇ ಶತಮಾನದಲ್ಲಿ, ಗುಜರಾತಿನ ಜೈನ ವಿದ್ವಾಂಸ ಹೇಮಚಂದ್ರ ಮಾತ್ರಾವೃತ್ತಗಳನ್ನು ಎಣಿಸುತ್ತ ಇದೇ ಸಾಲನ್ನು ಹೇಳಿದ್ದ. ಡ್ರಮ್ಸ್ ನುಡಿಸುವ ಡ್ಯಾನಿ ಕ್ಯಾರಿ ಆಲೋಕ್ ದತ್ತ ಅವರಲ್ಲಿ ತಬಲಾ ಕಲಿತವರು. ಇಷ್ಟು ತಿಳಿದಿದ್ದರೆ ಸಾಕು, ಮಿಕ್ಕದ್ದು ತಾಳ ಹಾಕುತ್ತ ಕೇಳಿದರೆ ಬರುತ್ತದೆ.

ಕೊನೆಗೆ ‘ಮಾಸ್ಟರ್ ಆಫ್ ಪಪೆಟ್ಸ್’. ಮೆಟಾಲಿಕಾ ಅಮೆರಿಕದ ತಂಡ, ಇದನ್ನು ಮುದ್ರಿಸಿದ್ದು ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ. ಎಂಟು ಹಾಡು, ಒಂದು ಗಂಟೆಗೆ ಸ್ವಲ್ಪ ಕಡಿಮೆ. ಮೆತ್ತಗಿನ ಅಕೂಸ್ಟಿಕ್ ಗಿಟಾರಿನಿಂದ ತೆರೆದುಕೊಂಡು ಒಮ್ಮೆಗೇ ಸಿಡಿಯುತ್ತದೆ. ಎಂಟೂವರೆ ನಿಮಿಷದ ಶೀರ್ಷಿಕೆ ಹಾಡು ಮಾದಕ ವ್ಯಸನದ ಬಗ್ಗೆ: ಮನುಷ್ಯನನ್ನು ಗೊಂಬೆಯಂತೆ ಕುಣಿಸುವ ಅಮಲೇ ಅಲ್ಲಿ ಮಾತಾಡುತ್ತದೆ. ಗಿಟಾರ್ ನುಡಿಸುವ ಜೇಮ್ಸ್ ಹೆಟ್‌ಫೀಲ್ಡ್ ತಂತಿಯನ್ನು ಮೇಲಿಂದ ಕೆಳಕ್ಕೆ ಮಾತ್ರ ಹೊಡೆಯುತ್ತಾರೆ. ಮೇಲೆಕೆಳಗೆ ಆಡಿಸಿದರೆ ಕೈಗೆ ಆರಾಮ, ಆದರೆ ಈ ಗದರಿಕೆ ಬರುವುದಿಲ್ಲ. ಅಂಗೈಯ ಅಂಚನ್ನು ತಂತಿಯ ಬುಡಕ್ಕೆ ಒತ್ತಿ ನಾದವನ್ನು ಅಲ್ಲಲ್ಲೇ ಅಡಗಿಸುವುದೂ ಕೇಳುತ್ತದೆ. ಚರಣದ ರಿಫ್ ಎಣಿಸಿ ನೋಡಿ. ಮೂರು ಆವರ್ತ ಸರಿಯಾಗಿ ನಾಲ್ಕಕ್ಕೆ ಬರುತ್ತವೆ, ನಾಲ್ಕನೆಯದು ಪೂರ್ತಿಯಾಗುವ ಮೊದಲೇ ಕತ್ತರಿಸಿಹೋಗಿ ಮುಂದಿನದು ನುಗ್ಗುತ್ತದೆ. ಕಾಲ ಕೆಳಗಿನ ನೆಲ ಯಾರೋ ಎಳೆದಂತಾಗುವುದು ಇದರಿಂದ, ಹಾಡಿನ ಅರ್ಥವೂ ಅದೇ. ನಡುವಿನಲ್ಲಿ ಎಲ್ಲ ಗದ್ದಲ ನಿಂತು ಶುಭ್ರ ಗಿಟಾರಿನ ನಿಧಾನ ಭಾಗ ಬರುತ್ತದೆ. ಅಮಲಿನ ಸುಖ ಇಷ್ಟೇ ಹೊತ್ತು ಎಂಬಂತೆ ಅದು ಕ್ರಮೇಣ ಬಿಗಿಯಾಗಿ ಮತ್ತೆ ಹಳೆಯ ರಿಫ್‌ಗೆ ಸಿಕ್ಕಿಬೀಳುತ್ತದೆ. ರಿಫ್ ಎಂಬುದು ಅರ್ಥವನ್ನೇ ಹೊರಬಲ್ಲದು ಎಂಬುದಕ್ಕೆ ನನ್ನ ಸಾಕ್ಷಿ ಇದು, ಇದನ್ನು ಮೊದಲ ಸ್ಥಾನದಲ್ಲಿಟ್ಟದ್ದಕ್ಕೂ ಇದೇ ಕಾರಣ.

ಇದೇ ಆಲ್ಬಮ್‌ನಲ್ಲಿ ಏಳನೆಯದು ‘ಒರಾಯನ್’, ಗಾಯನವಿಲ್ಲದ ಹಾಡು. ಅದರ ನಡುಭಾಗದ ಬೇಸ್ ಕ್ಲಿಫ್ ಬರ್ಟನ್ ಅವರದ್ದು. ಆಲ್ಬಮ್ ಹೊರಬಂದ ವರ್ಷವೇ, ಸೆಪ್ಟೆಂಬರ್ 27ರಂದು, ಸ್ವೀಡನ್ನಿನಲ್ಲಿ ತಂಡದ ಬಸ್ ಮಗುಚಿ ಅವರು ಹೋಗಿಬಿಟ್ಟರು. ಆಗ ಅವರಿಗೆ 24.

ಮೆಟಾಲಿಕಾ 2011ರ ಅಕ್ಟೋಬರ್ 30ರಂದು ಅರಮನೆ ಮೈದಾನಕ್ಕೆ ಬಂದಿತ್ತು. ಅಂಥ ದೊಡ್ಡ ತಂಡಗಳಿಗಾಗಿ ಕಾಯುತ್ತ ಕೂರಬೇಕಿಲ್ಲ. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕ್ರಿಪ್ಟೋಸ್ ಜರ್ಮನಿಯ ವಾಕನ್ ಮೆಟಲ್ ಉತ್ಸವದವರೆಗೂ ಹೋಗಿ ನುಡಿಸಿ ಬಂದ ತಂಡ. ಅವರ ‘ಬರ್ನ್ ಅಪ್ ದ ನೈಟ್’ (2016) ಕೇಳಿ. ಮೇಡನ್ ಕೇಳಿದ ಕಿವಿಗೆ ಅದರ ಜೋಡಿ ಗಿಟಾರ್ ತಕ್ಷಣ ಹಿಡಿಸುತ್ತದೆ. ಅವರದ್ದೋ ಇನ್ಯಾವುದೋ ಸ್ಥಳೀಯ ತಂಡದ್ದೋ ಕಾರ್ಯಕ್ರಮವಿದ್ದರೆ ಟಿಕೆಟ್ ಕೊಂಡು ಹೋಗಿ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಇಯರ್‌ಪ್ಲಗ್ ಜೇಬಿನಲ್ಲಿರಲಿ. ವೇದಿಕೆಯ ಮುಂದೆ ನುಗ್ಗಬೇಡಿ, ಅಲ್ಲಿ ಆಂಪ್‌ಗಳ ಅಬ್ಬರದಲ್ಲಿ ದನಿಯೂ ಬೇಸೂ ಮುಳುಗಿಹೋಗುತ್ತವೆ. ಸಭಾಂಗಣದ ಹಿಂಭಾಗದಲ್ಲಿ ಸೌಂಡ್ ಕನ್ಸೋಲ್ ಇಟ್ಟಿರುತ್ತಾರಲ್ಲ, ಅದರ ಪಕ್ಕದಲ್ಲಿ ನಿಲ್ಲಿ. ಎಂಜಿನಿಯರ್ ತನ್ನ ಕಿವಿಗೆ ಸರಿಹೊಂದಿಸಿದ್ದು ನಿಮ್ಮ ಕಿವಿಗೂ ಸರಿಯಾಗಿ ಬರುತ್ತದೆ.